ಕೊಲ್ಹಾಪುರದಲ್ಲಿ ಹುಟ್ಟಿದ ಪಾದ್ರಿಯ ಮಗ

ಕೊಲ್ಹಾಪುರವೆಂದೊಡನೆ ನಮ್ಮವರಿಗೆ ನೆನಪಾಗುವುದು ಮಹಾಲಕ್ಷ್ಮಿಯ ಗುಡಿ, ಕುಸ್ತಿಯ ಅಖಾಡ, ಬೆಲ್ಲ ಮತ್ತು ಚಪ್ಪಲಿ. ಇಚಲಕರಂಜಿ ಎಂದರೆ ಮಗ್ಗಗಳ ಸದ್ದು. ಗಡಹಿಂಗ್ಲಜವನ್ನು ಬಲ್ಲವರು ನಮ್ಮ ಕಡೆ ಕಡಮೆ. ಹಿರಣ್ಯಕೇಶಿಯ ದಂಡೆಯ ಈ ಊರೂ ಸುತ್ತಲಿನ ಹಳ್ಳಿಗಳೂ ನಮ್ಮ ಹಾಗೆಯೇ ಗಡಿಯ ಪಾಲಾದುವು. ಅಲ್ಲಿ ಎಷ್ಟೋ ಮನೆಗಳ ಮಾತು ಕನ್ನಡ, ಕಚೇರಿಯ ಮಾತು ಮರಾಠಿ. ಕಾಸರಗೋಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಸೀಮೆಗೆ 1852ರಲ್ಲಿ ಅಮೇರಿಕದ ಒಬ್ಬ ಪಾದ್ರಿ ಹೆಂಡತಿಯೊಂದಿಗೆ ಬಂದು ನೆಲೆಸಿದರು. ಹೆಸರು ರಾಯಲ್ ವೈಲ್ಡರ್. ಹುಟ್ಟಿದ್ದು 1816ರಲ್ಲಿ, ವರ್ಮಾಂಟ್ ಪ್ರಾಂತದಲ್ಲಿ. ದೈವಶಾಸ್ತ್ರದ ಓದು ಮುಗಿಸಿ 1846ರಲ್ಲಿ ಹಡಗು ಹತ್ತಿದಾಗ ಅವರಿಗೆ ಮೂವತ್ತರ ಆಸುಪಾಸು. ಸುಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೆ ಮೊದಲು ಆಫ್ರಿಕದ ತುದಿಯನ್ನು ಸುತ್ತಿ ಬರುವುದೆಂದರೆ ತಿಂಗಳುಗಟ್ಟಲೆ ನೀರ ಮೇಲಿನ ವಾಸ. ಊರಲ್ಲಿ ಬಿಟ್ಟು ಬಂದ ತಾಯಿತಂದೆಯರ ಮುಖ ಮತ್ತೆ ಕಾಣುವ ಭರವಸೆ ಯಾರಿಗೂ ಇರಲಿಲ್ಲ. ಮೊದಲು ಅಹಮದ್‌ನಗರದಲ್ಲಿದ್ದು, ಮರಾಠಿ ಕಲಿತು, ಅನಂತರ ಅವರು ಕೊಲ್ಹಾಪುರ ಸಂಸ್ಥಾನಕ್ಕೆ ಬಂದದ್ದು.

ಇಂಥ ಹುಡುಗ ಪಾದ್ರಿಗಳನ್ನು ನಮ್ಮ ಕರಾವಳಿಯೂ ಕಂಡಿದೆ. ಬಾಸೆಲ್ ಮಿಶನಿನ ಮೋಗ್ಲಿಂಗ್ 1836ರಲ್ಲಿ ಮಂಗಳೂರಿಗೆ ಬಂದಾಗ ಇಪ್ಪತ್ತೈದರ ಪ್ರಾಯ. ಕಿಟ್ಟೆಲ್ 1853ರಲ್ಲಿ ಬಂದಾಗ ಇಪ್ಪತ್ತೊಂದು. ತಲಶ್ಶೇರಿಯಲ್ಲಿ ನೆಲೆಸಿದ ಗುಂಡರ್ಟರು ಮೋಗ್ಲಿಂಗರ ಗೆಳೆಯರು. ಒಬ್ಬ ಗೆಳೆಯ 1843ರಲ್ಲಿ ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು, ಇನ್ನೊಬ್ಬರು 1872ರಲ್ಲಿ ಮಲೆಯಾಳ ನಿಘಂಟನ್ನು ಕೊಟ್ಟರು. ನಾವಿರುವುದು ಆ ಇಬ್ಬರು ಗೆಳೆಯರ ನಡುವಿನ ನೆಲದಲ್ಲಿ! ಅವರ ಮತಪ್ರಚಾರವನ್ನು ಒಪ್ಪದವರೂ ಕಿಟ್ಟೆಲರ ಕೋಶವನ್ನು ಕಪಾಟಿನಲ್ಲಿಟ್ಟಿರುತ್ತಾರೆ.

ವೈಲ್ಡರರ ಹೆಸರು ಅಂಥ ಯಾವ ಕೋಶದ ಮೇಲೂ ನಿಲ್ಲಲಿಲ್ಲ. ಅವರು ಹಿಡಿದದ್ದು ಶಾಲೆಯನ್ನು. ಅದರಿಂದಲೇ ತಮ್ಮವರೊಂದಿಗೆ ಜಗಳವೂ ಹುಟ್ಟಿತು. ಅವರನ್ನು ಕಳುಹಿಸಿದ ಬಾಸ್ಟನ್ನಿನ ಅಮೇರಿಕನ್ ಬೋರ್ಡಿನ ಕಾರ್ಯದರ್ಶಿ ರೂಫಸ್ ಆಂಡರ್ಸನ್ 1854-55ರಲ್ಲಿ ಹಿಂದುಸ್ಥಾನಕ್ಕೆ ಬಂದು ಮಿಶನುಗಳನ್ನು ನೋಡಿಹೋದರು. ಪಾದ್ರಿಯ ಕೆಲಸ ಬೋಧನೆ, ಅದೂ ದೇಶಭಾಷೆಯಲ್ಲಿ. ಇಂಗ್ಲಿಷ್ ಶಾಲೆಗಳಿಗೆ ದುಡ್ಡು ಸುರಿಯುವುದು ಸಲ್ಲದೆಂದು ಅವರ ನಿಲುವು. ಹಲವು ಶಾಲೆಗಳು ಮುಚ್ಚಿದವು. ಶಾಲೆಯಿಲ್ಲದೆ ಜನರ ಮನೆಬಾಗಿಲು ತೆರೆಯದೆಂದು ವೈಲ್ಡರರ ವಾದ. ಊರಿಗೆ ಮರಳಿದಾಗ ಅವರು ಸುಮ್ಮನಿರಲಿಲ್ಲ. ಮಿಶನ್ ಶಾಲೆಗಳ ಪರವಾಗಿ 1861ರಲ್ಲಿ ಒಂದು ಪುಸ್ತಕವನ್ನೇ ಅಚ್ಚು ಹಾಕಿಸಿದರು. ಬೋರ್ಡಿನೊಂದಿಗಿನ ಸಂಬಂಧ ಹರಿಯಿತು. ಸಂಬಳ ಕೊಡುವವರಿಲ್ಲದಿದ್ದರೂ ಅವರು ಕೊಲ್ಹಾಪುರಕ್ಕೇ ಹಿಂದಿರುಗಿ, 1870ರಲ್ಲಿ ಪ್ರೆಸ್ಬಿಟೇರಿಯನ್ ಬೋರ್ಡು ಆ ಕೆಲಸವನ್ನು ವಹಿಸಿಕೊಳ್ಳುವವರೆಗೆ ತಮ್ಮ ಜವಾಬುದಾರಿಯಲ್ಲೇ ನಡೆಸಿದರು.

ಈ ಜಗಳದಲ್ಲಿ ಯಾರು ಸರಿ? ಮಗು ಮನೆಮಾತಿನಲ್ಲಿ ಕಲಿಯಬೇಕೆಂದು 1956ರಿಂದ ಗೋಗರೆಯುತ್ತ ಬಂದ ನಮಗೆ ಆಂಡರ್ಸನರ ಅರ್ಧ ಮಾತು ಹಿಡಿಸುತ್ತದೆ. ಶಾಲೆ ಮುಚ್ಚಿಸುವ ಉಳಿದರ್ಧ ಹಿಡಿಸುವುದಿಲ್ಲ. ಅಲ್ಲದೆ ‘ದೇಶಭಾಷೆ’ ಎಂದರೆ ಯಾರ ಭಾಷೆ? ಕೊಲ್ಹಾಪುರದ ಪೇಟೆಯಲ್ಲಿ ನಿಂತವನಿಗೆ ಅದು ಮರಾಠಿಯೇ ಸರಿ. ಅದೇ ಸಂಸ್ಥಾನದ ಗಡಹಿಂಗ್ಲಜದಲ್ಲಿ ಕನ್ನಡದಲ್ಲಿ ಅಮ್ಮನನ್ನು ಕರೆಯುವ ಮಗುವಿಗೆ ಮರಾಠಿ ಶಾಲೆಯೂ ಪರಭಾಷೆಯ ಶಾಲೆಯೇ. ಬಾಸ್ಟನ್ನಿನ ಮೇಜಿನಿಂದ ಇದು ಕಾಣುವಂಥದ್ದಲ್ಲ. ಹತ್ತಿರದ ರಾಜಧಾನಿಗಳ ಮೇಜಿನಿಂದಲೂ ಕಾಣುವುದಿಲ್ಲವೆಂಬುದು ಬೇರೆ ಮಾತು.

ವೈಲ್ಡರ್ ದಂಪತಿಗಳ ಮಗ ರಾಬರ್ಟ್ 1863ರಲ್ಲಿ ಕೊಲ್ಹಾಪುರದಲ್ಲೇ ಹುಟ್ಟಿದ. ಅವನು ಬಾಲ್ಯ ಕಳೆದದ್ದು ಅಲ್ಲಿ. ತಂದೆಯ ಆರೋಗ್ಯ ಕೆಟ್ಟು 1870ರ ದಶಕದ ನಡುವಿನಲ್ಲಿ ಕುಟುಂಬ ಅಮೇರಿಕಕ್ಕೆ ಮರಳಿತು. ತಂದೆತಾಯಿಗೆ ಅದು ಸ್ವದೇಶ. ಹುಡುಗನ ಪಾಲಿಗೆ ಪರದೇಶ ಯಾವುದು? ದುಬೈಯಲ್ಲೋ ಮುಂಬಯಿಯಲ್ಲೋ ಮಕ್ಕಳನ್ನು ಬೆಳೆಸಿ ಊರಿಗೆ ಕರೆತಂದ ನಮ್ಮ ಓದುಗರು ಇದಕ್ಕೆ ಉತ್ತರ ಬಲ್ಲರು.

ರಾಬರ್ಟ್ ಪ್ರಿನ್ಸ್‌ಟನ್ನಿನಲ್ಲಿ ಓದಿದ. 1886ರ ಬೇಸಗೆಯಲ್ಲಿ ಮಸಾಚುಸೆಟ್ಸಿನ ಮೌಂಟ್ ಹರ್ಮನ್ ಎಂಬಲ್ಲಿ ಬೋಧಕ ಮೂಡಿಯವರು ನಡೆಸಿದ ಶಿಬಿರಕ್ಕೆ 251 ವಿದ್ಯಾರ್ಥಿಗಳು ಕೂಡಿದ್ದರು. ಪರದೇಶಕ್ಕೆ ಪಾದ್ರಿಗಳಾಗಿ ಹೋಗುವೆವೆಂದು ಅವರಲ್ಲಿ ನೂರು ಮಂದಿ ಒಪ್ಪಿದರು. ಅವರನ್ನು ಎಬ್ಬಿಸಿದವರಲ್ಲಿ ಮುಂದಾಳು ಈ ಕೊಲ್ಹಾಪುರದ ಹುಡುಗ. ಊರಿನಲ್ಲಿದ್ದ ಅಕ್ಕ ಗ್ರೇಸ್ ಈ ಕೆಲಸದಲ್ಲಿ ಅವನಿಗೆ ಬೆನ್ನೆಲುಬು.

ಮುಂದಿನ ಕೆಲಸ ಕಾಲೇಜಿನಿಂದ ಕಾಲೇಜಿಗೆ ಸುತ್ತುವುದು. ಆದರೆ ಮನೆಯಲ್ಲಿ ತಂದೆ ಕಾಯಿಲೆ ಬಿದ್ದಿದ್ದರು, ಹೆಚ್ಚು ದಿನ ಉಳಿಯುವ ಲಕ್ಷಣವಿರಲಿಲ್ಲ. ಮಗನಿಗೆ ಕಾಲು ಏಳಲಿಲ್ಲ. ಕೊನೆಗೆ ತಂದೆಯೇ ಅವನನ್ನು ಹೊರಡಿಸಿದರು. 1887ರ ಅಕ್ಟೋಬರಿನಲ್ಲಿ ಅವರು ತೀರಿಕೊಂಡರು. ಎಲ್ಲರೂ ಮೆಚ್ಚಿ ಹೇಳುವ ಕಥೆಯಿದು. ನಮಗೆ ಮಾತ್ರ ಮೆಚ್ಚಬೇಕೋ ಮರುಗಬೇಕೋ ತಿಳಿಯದು. ತನ್ನ ತಂದೆಗೆ ತಾನು ಮಾಡಿದ್ದನ್ನೇ ರಾಯಲ್ ವೈಲ್ಡರ್ ತನಗೂ ಮಾಡಿಸಿಕೊಂಡರೆನ್ನಬಹುದು.

ರಾಬರ್ಟನ ಸುತ್ತಾಟದಿಂದ 1888ರಲ್ಲಿ ವಿದ್ಯಾರ್ಥಿ ಸ್ವಯಂಸೇವಕರ ಸಂಘಟನೆಯೊಂದು ರೂಪುಗೊಂಡಿತು. ಜಾನ್ ಮಾಟ್ ಅದರ ಅಧ್ಯಕ್ಷರು. ಮುಂದಿನ ದಶಕಗಳಲ್ಲಿ ಅಂದಾಜು ಇಪ್ಪತ್ತು ಸಾವಿರ ಮಂದಿ ಅದರ ಮೂಲಕ ಕಡಲು ದಾಟಿದರು. ಒಂದೇ ತಲೆಮಾರಿನಲ್ಲಿ ಜಗತ್ತಿಗೆಲ್ಲ ಸುವಾರ್ತೆ ಮುಟ್ಟಿಸುವ ಅವರ ಘೋಷಣೆಯಲ್ಲಿ ಹುಮ್ಮಸ್ಸಿನೊಂದಿಗೆ ಅಹಂಕಾರವೂ ಇತ್ತೆನ್ನದೆ ವಿಧಿಯಿಲ್ಲ. ಹೋದಲ್ಲಿ ಜನರಿಗೆ ತಮ್ಮದೇ ಆದ ದೇವರೂ ದಿಂಡರೂ ಇರುತ್ತಾರಲ್ಲ!

ಆದರೆ ಮಾತಿಗಿಂತ ಕೈ ಮೇಲಾದದ್ದೂ ಉಂಟು. ಕೆನಡದಲ್ಲಿ ಹುಟ್ಟಿದ ಡಾ. ವಿಲಿಯಂ ವಾನ್ಲೆಸ್ 1889ರಲ್ಲಿ ಇದೇ ಮಿಶನಿಗೆ ಬಂದಾಗ ಅವರಿಗೆ ಇಪ್ಪತ್ತನಾಲ್ಕು. 1894ರಲ್ಲಿ ಅವರು ಮೀರಜದಲ್ಲಿ ತೆರೆದ ಆಸ್ಪತ್ರೆಯ ಕೀರ್ತಿ ದೂರದೂರಕ್ಕೆ ಹಬ್ಬಿತು. ಇಚಲಕರಂಜಿಯಿಂದ ಅದು ಹತ್ತಿರ. ಬೆಳಗಾವಿ, ವಿಜಾಪುರಗಳ ಕನ್ನಡಿಗರಿಗೂ ‘ಮೀರಜಿಗೆ ಒಯ್ಯುವುದು’ ಎಂದರೆ ದೊಡ್ಡ ಕಾಯಿಲೆಯ ಕೊನೆಯ ಭರವಸೆ. ಅಲ್ಲಿ ರೋಗಿಯ ಭಾಷೆ ಯಾವುದಾದರೇನು?

ರಾಬರ್ಟ್ 1892ರಲ್ಲಿ ಹಿಂದುಸ್ಥಾನಕ್ಕೆ ಮರಳಿ, ವಿದ್ಯಾರ್ಥಿಗಳ ನಡುವೆ ಕೆಲಸ ಮಾಡಿದ. ಅನಂತರ ಹಲವು ದೇಶ ಸುತ್ತಿ, ಹೆಂಡತಿಯ ತವರಾದ ನಾರ್ವೆಯಲ್ಲಿ 1938ರಲ್ಲಿ ಕಣ್ಣು ಮುಚ್ಚಿದ. ಅವನ ತಾಯಿ ಎಲೈಜಾ ಅಮೇರಿಕದಲ್ಲಿ ಉಳಿಯಲಿಲ್ಲ. ಗಂಡ ತೀರಿಕೊಂಡ ವರ್ಷವೇ ಮಗಳು ಗ್ರೇಸಳನ್ನು ಕರೆದುಕೊಂಡು ಮತ್ತೆ ಕೊಲ್ಹಾಪುರದ ಸೀಮೆಗೆ ಹೊರಟರು.