ಪುಕ್ಕಟೆ ಬೇರೆ, ಸ್ವಾತಂತ್ರ್ಯ ಬೇರೆ

ತೊಂಬತ್ತರ ದಶಕದಲ್ಲಿ ಕಂಪ್ಯೂಟರ್ ಕಲಿತ ಅನೇಕ ತಂದೆ ತಾಯಿಯರಿಗೆ ಕಾಲೇಜಿನ ಲ್ಯಾಬ್ ಎಂದೊಡನೆ ನೆನಪಾಗುವುದು ಬೋರ್ಲೆಂಡ್ ಕಂಪನಿಯ ಟರ್ಬೊ ಸಿ, ಅದರ ನೀಲಿ ಪರದೆ. ಇಂದು ಅದೇ ಮನೆಯ ಮಕ್ಕಳ ಲ್ಯಾಪ್‌ಟಾಪಿನಲ್ಲಿ ತೆರೆದುಕೊಳ್ಳುವುದು ಮೈಕ್ರೋಸಾಫ್ಟಿನ ವಿಷುಯಲ್ ಸ್ಟುಡಿಯೊ ಕೋಡ್. ಪ್ರೋಗ್ರಾಮ್ ಬರೆಯಲು, ತಿದ್ದಲು ಬಳಸುವ ಇಂಥ ಸಾಧನಕ್ಕೆ ‘ಕೋಡ್ ಎಡಿಟರ್’ ಎಂದು ಹೆಸರು. ಬಡಗಿಗೆ ಉಳಿ ಇದ್ದಂತೆ ಪ್ರೋಗ್ರಾಮ್ ಬರೆಯುವವರಿಗೆ ಎಡಿಟರ್. ಒಮ್ಮೆ ಕೈಗೆ ಒಗ್ಗಿತೆಂದರೆ ಬದಲಾಯಿಸುವುದು ಕಷ್ಟ.

ಹೊಸ ಎಡಿಟರನ್ನು ಕಂಪ್ಯೂಟರಿಗೆ ಹಾಕಿಕೊಳ್ಳುವಾಗ ಪರದೆಯ ಮೇಲೆ ಉದ್ದನೆಯ ಒಪ್ಪಂದ ಪತ್ರವೊಂದು ಬರುತ್ತದೆ. ಬಾಡಿಗೆ ಮನೆಯ ಕರಾರು ಪತ್ರವನ್ನು ಎರಡು ಸಲ ಓದುವವರೂ ಇದನ್ನು ಓದದೆ ‘ಒಪ್ಪಿದ್ದೇನೆ’ ಎಂಬ ಗುಂಡಿ ಒತ್ತುತ್ತಾರೆ! ‘ದುಡ್ಡು ಕೊಡಬೇಕಾಗಿಲ್ಲವಲ್ಲ, ಇನ್ನೇನು?’ ಎಂಬುದು ಸಾಮಾನ್ಯ ಉತ್ತರ. ಆದರೆ ದುಡ್ಡು ಕೊಡದಿರುವುದು ಒಂದು, ಹಕ್ಕು ಇರುವುದು ಇನ್ನೊಂದು. ಈ ಅಂತರವನ್ನು ತಿಳಿಯಲು ಎಡಿಟರುಗಳ ಇತಿಹಾಸಕ್ಕಿಂತ ಒಳ್ಳೆಯ ಪಾಠವಿಲ್ಲ.

ಪುಸ್ತಕದಂತೆ ಬಳಸಿ

ಕತೆ, ಕಾದಂಬರಿಗಳಂತೆ ಕಂಪ್ಯೂಟರ್ ಪ್ರೋಗ್ರಾಮಿಗೂ ಕೃತಿಸ್ವಾಮ್ಯ ಉಂಟು. ಅದನ್ನು ಯಾರು, ಹೇಗೆ ಬಳಸಬಹುದೆಂದು ಒಡೆಯರು ಬರೆದುಕೊಡುವ ಪತ್ರವೇ ಪರವಾನಗಿ, ಅಂದರೆ ಲೈಸೆನ್ಸ್. ಬೋರ್ಲೆಂಡ್ 1983ರಲ್ಲಿ 49.95 ಡಾಲರಿಗೆ ಟರ್ಬೊ ಪ್ಯಾಸ್ಕಲ್ ಮಾರಾಟಕ್ಕೆ ತಂದಿತು. ಅದರ ಪರವಾನಗಿ ಬಲು ಸರಳವೆಂದು ಹೆಸರಾಯಿತು. ತಂತ್ರಾಂಶವನ್ನು ಪುಸ್ತಕದಂತೆ ಬಳಸಿ. ಎಷ್ಟು ಜನರಾದರೂ ಬಳಸಲಿ, ಯಾವ ಯಂತ್ರಕ್ಕಾದರೂ ಒಯ್ಯಲಿ, ಏಕಕಾಲದಲ್ಲಿ ಎರಡು ಕಡೆ ಮಾತ್ರ ಬೇಡ ಎಂಬುದು ಅದರ ಸಾರ.

ಆ ಕಾಲಕ್ಕೆ ಇದು ಉದಾರವೇ. ಆದರೂ ತಂತ್ರಾಂಶದ ಮೂಲ ಬರಹ, ಅಂದರೆ ಸೋರ್ಸ್ ಕೋಡ್, ಕಂಪನಿಯ ಬಳಿಯೇ ಉಳಿಯಿತು. ದೋಷ ಕಂಡರೆ ಕಂಪನಿ ಸರಿಪಡಿಸುವವರೆಗೆ ಕಾಯಬೇಕು. ಇದು ಖಾಸಗಿ ಒಡೆತನದ ತಂತ್ರಾಂಶ. ಮೂಲ ಬರಹವನ್ನೂ ಕೊಟ್ಟು, ಓದಿ, ತಿದ್ದಿ, ಇತರರಿಗೆ ಹಂಚಿ ಎನ್ನುವುದು ಮುಕ್ತ ತಂತ್ರಾಂಶ.

ಜಗಳದಿಂದ ಹುಟ್ಟಿದ ಪತ್ರ

1976ರಲ್ಲಿ ಅಮೆರಿಕದ ಎಂಐಟಿ ಸಂಸ್ಥೆಯಲ್ಲಿ ರಿಚರ್ಡ್ ಸ್ಟಾಲ್‌ಮನ್ ಮತ್ತು ಗೆಳೆಯರು ಈಮ್ಯಾಕ್ಸ್ ಎಂಬ ಎಡಿಟರ್ ರೂಪಿಸಿದರು. ಸುಧಾರಣೆ ಮಾಡಿದವರು ಅದನ್ನು ಮರಳಿ ಎಲ್ಲರಿಗೂ ಕೊಡಬೇಕು ಎಂಬುದಷ್ಟೇ ಅಲ್ಲಿನ ಕಟ್ಟಳೆ. 1981ರಲ್ಲಿ ಜೇಮ್ಸ್ ಗಾಸ್ಲಿಂಗ್ ಎಂಬ ವಿದ್ಯಾರ್ಥಿ ಯುನಿಕ್ಸ್ ಯಂತ್ರಗಳಿಗಾಗಿ ಇನ್ನೊಂದು ಈಮ್ಯಾಕ್ಸ್ ಬರೆದರು. ಮುಂದೆ ಜಾವಾ ಭಾಷೆಯನ್ನು ಸೃಷ್ಟಿಸಿದವರೂ ಇವರೇ. ಮೊದಮೊದಲು ಆ ಈಮ್ಯಾಕ್ಸ್ ಕೈಯಿಂದ ಕೈಗೆ ಪುಕ್ಕಟೆಯಾಗಿ ಹರಡಿತು. 1983ರಲ್ಲಿ ಅವರು ಅದನ್ನು ಯುನಿಪ್ರೆಸ್ ಎಂಬ ಕಂಪನಿಗೆ ಮಾರಿದರು. ಕಾನೂನಿನ ದೃಷ್ಟಿಯಲ್ಲಿ ತಪ್ಪೇನಿಲ್ಲ; ಬರೆದವರಿಗೆ ಮಾರುವ ಹಕ್ಕುಂಟು.

ಪೇಚು ಬಂದದ್ದು ಆಮೇಲೆ. 1984ರಲ್ಲಿ ಸ್ಟಾಲ್‌ಮನ್ ಗ್ನೂ ಈಮ್ಯಾಕ್ಸ್ ಬರೆಯತೊಡಗಿದಾಗ ಗಾಸ್ಲಿಂಗ್ ಅವರ ಕೆಲವು ಭಾಗಗಳನ್ನು ಬಳಸಿಕೊಂಡಿದ್ದರು. ಅದರ ಹಕ್ಕು ತನ್ನದು, ಹಂಚಕೂಡದು ಎಂದು ಯುನಿಪ್ರೆಸ್ ತಡೆಯಿತು. ಸ್ಟಾಲ್‌ಮನ್ 1985ರಲ್ಲಿ ಆ ಭಾಗಗಳನ್ನೆಲ್ಲ ತೆಗೆದು ಹೊಸದಾಗಿ ಬರೆದರು. ಬಾಯಿಮಾತಿನ ಔದಾರ್ಯ ಸಾಲದು, ಬರಹದಲ್ಲಿ ಇರಬೇಕು ಎಂಬುದು ಅವರಿಗೆ ಮನದಟ್ಟಾಗಿತ್ತು. ತಮ್ಮ ಎಡಿಟರಿಗೆ ಅವರು ಬರೆದ ಪರವಾನಗಿ ಹೀಗಿತ್ತು: ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಿ, ಆದರೆ ಹಂಚುವಾಗ ಪಡೆಯುವವರಿಗೂ ಇದೇ ಹಕ್ಕುಗಳನ್ನು ಕೊಡಿ.

ಈ ಪತ್ರವೇ 1989ರಲ್ಲಿ ಎಲ್ಲ ತಂತ್ರಾಂಶಗಳಿಗೂ ಹೊಂದುವ ಜಿಪಿಎಲ್ ಪರವಾನಗಿಯಾಯಿತು. 1992ರಲ್ಲಿ ಲಿನಸ್ ಟೋರ್ವಾಲ್ಡ್ಸ್ ತಮ್ಮ ಲಿನಕ್ಸನ್ನು ಇದರಡಿ ತಂದರು. ಇಂದಿನ ಆಂಡ್ರಾಯ್ಡ್ ಫೋನುಗಳ ತಿರುಳು ಅದೇ ಲಿನಕ್ಸ್. ಒಂದು ಎಡಿಟರಿನ ಜಗಳ ಎಲ್ಲಿಂದ ಎಲ್ಲಿಗೆ ಬಂತು!

ಹಿಟ್ಟು ಎಲ್ಲರದು, ರೊಟ್ಟಿ ಅಂಗಡಿಯದು

ಈಗ ಮಕ್ಕಳ ಲ್ಯಾಪ್‌ಟಾಪಿಗೆ ಬರೋಣ. 2015ರಲ್ಲಿ ಮೈಕ್ರೋಸಾಫ್ಟ್ ತನ್ನ ವಿಷುಯಲ್ ಸ್ಟುಡಿಯೊ ಕೋಡ್‌ನ ಮೂಲ ಬರಹವನ್ನು ಎಂಐಟಿ ಪರವಾನಗಿಯಲ್ಲಿ ಬಹಿರಂಗಪಡಿಸಿತು. ಈ ಪರವಾನಗಿ ಜಿಪಿಎಲ್‌ಗಿಂತ ಸಡಿಲ. ಹೆಸರು ಮತ್ತು ಪರವಾನಗಿಯ ಒಕ್ಕಣೆಯನ್ನು ಉಳಿಸಿಕೊಂಡರೆ ಸಾಕು; ತಿದ್ದಿ, ಮಾರಿ, ಬೇಕಿದ್ದರೆ ಮುಚ್ಚಿಯೂ ಇಟ್ಟುಕೊಳ್ಳಬಹುದು.

ಆದರೆ ಬಹುತೇಕರು ಇಳಿಸಿಕೊಳ್ಳುವುದು ಈ ಮೂಲ ಬರಹವನ್ನಲ್ಲ. ಅದಕ್ಕೆ ತನ್ನ ಹೆಸರು, ಲಾಂಛನ ಮತ್ತು ಬಳಕೆಯ ಮಾಹಿತಿ ಕಳಿಸುವ ವ್ಯವಸ್ಥೆಯನ್ನು ಸೇರಿಸಿ ಮೈಕ್ರೋಸಾಫ್ಟ್ ಸಿದ್ಧಪಡಿಸಿದ ಪ್ರತಿಯನ್ನು. ಅದರ ಪರವಾನಗಿಯೇ ಬೇರೆ! ಅದನ್ನು ಇತರರಿಗೆ ಹಂಚುವುದಕ್ಕೆ, ಬಿಚ್ಚಿ ನೋಡುವುದಕ್ಕೆ ನಿರ್ಬಂಧಗಳಿವೆ. ಹಿಟ್ಟು ಎಲ್ಲರದು, ರೊಟ್ಟಿ ಅಂಗಡಿಯದು ಎಂಬಂತೆ. ಅದೇ ಹಿಟ್ಟಿನಿಂದ ಸ್ವಯಂಸೇವಕರು ತಟ್ಟಿದ ಬೇರೆ ರೊಟ್ಟಿಯೂ ಉಂಟು. ಅದರ ಹೆಸರು ವಿಎಸ್‌ಕೋಡಿಯಮ್.

ಇನ್ನೊಂದು ಸೂಕ್ಷ್ಮವಿದೆ. ಎಡಿಟರಿಗೆ ಶಕ್ತಿ ತುಂಬುವುದು ಅದಕ್ಕೆ ಜೋಡಿಸುವ ಸಣ್ಣ ಪೂರಕ ತಂತ್ರಾಂಶಗಳು. ಮೈಕ್ರೋಸಾಫ್ಟಿನ ಮಾರುಕಟ್ಟೆಯಲ್ಲಿರುವ ಪೂರಕಗಳನ್ನು ಅದರದೇ ಉತ್ಪನ್ನಗಳಲ್ಲಿ ಮಾತ್ರ ಬಳಸಬೇಕೆಂಬುದು ಅಲ್ಲಿನ ಷರತ್ತು. ಪೈಥಾನ್ ಕಲಿಯುವವರು ನೆಚ್ಚುವ ಪೈಲ್ಯಾನ್ಸ್ ಕೂಡ ಖಾಸಗಿ ಒಡೆತನದ್ದೇ. ವಿಎಸ್‌ಕೋಡಿಯಮ್‌ನಂಥವು ಎಕ್ಲಿಪ್ಸ್ ಪ್ರತಿಷ್ಠಾನ ನಡೆಸುವ ಓಪನ್ ವಿಎಸ್‌ಎಕ್ಸ್ ಭಂಡಾರವನ್ನು ಆಶ್ರಯಿಸಬೇಕಾಗಿದೆ.

ಬಾಗಿಲು ಮುಚ್ಚಿದಾಗ

ಪರವಾನಗಿಯ ಬೆಲೆ ತಿಳಿಯುವುದು ಒಡೆಯರು ಬಾಗಿಲು ಮುಚ್ಚಿದ ದಿನ. ಗಿಟ್‌ಹಬ್ ಸಂಸ್ಥೆ 2014ರಲ್ಲಿ ಆಟಮ್ ಎಂಬ ಎಡಿಟರ್ ತಂದು, ಎಂಐಟಿ ಪರವಾನಗಿಯಲ್ಲಿ ತೆರೆದಿಟ್ಟಿತು. 2018ರಲ್ಲಿ ಗಿಟ್‌ಹಬ್ ಮೈಕ್ರೋಸಾಫ್ಟಿನ ಪಾಲಾಯಿತು. 2022ರ ಡಿಸೆಂಬರ್ 15ರಂದು ಆಟಮ್ ನಿಂತಿತು. ಬಳಕೆದಾರರು ಬರೆದ ಪ್ರೋಗ್ರಾಮುಗಳಿಗೆ ಏನೂ ಆಗಲಿಲ್ಲ. ಅವು ಯಾವ ಎಡಿಟರಿನಲ್ಲಾದರೂ ತೆರೆಯುವ ಸಾದಾ ಬರಹಗಳು. ತೊಂದರೆಯಾದದ್ದು ಕೈಗೆ ಒಗ್ಗಿದ ಉಳಿ ಕಳೆದುಕೊಂಡವರಿಗೆ. ಆದರೆ ಮೂಲ ಬರಹ ಮುಕ್ತವಾಗಿದ್ದರಿಂದ ಆಸಕ್ತರು ಪಲ್ಸರ್ ಎಂಬ ಹೆಸರಿನಲ್ಲಿ ಅದನ್ನು ಮುಂದುವರಿಸಿದರು. ಖಾಸಗಿ ಒಡೆತನದ್ದಾಗಿದ್ದರೆ ಅವರ ಕೈ ಕಟ್ಟಿರುತ್ತಿತ್ತು.

ಹಾಗೆಂದು ಖಾಸಗಿ ತಂತ್ರಾಂಶವೆಲ್ಲ ಕೆಟ್ಟದ್ದಲ್ಲ. ಸಬ್ಲೈಮ್ ಟೆಕ್ಸ್ಟ್ 2008ರಿಂದ ಪರವಾನಗಿಯನ್ನು ಮಾರಿಯೇ ಬದುಕಿದೆ. ದುಡಿದವರಿಗೆ ಬೆಲೆ ಸಿಗುವುದು ನ್ಯಾಯವೇ. ಜೆಟ್‌ಬ್ರೇನ್ಸ್ ಕಂಪನಿ ತನ್ನ ಸಾಧನಗಳನ್ನು ವಿದ್ಯಾರ್ಥಿಗಳಿಗೆ ಉಚಿತವಾಗಿ ಕೊಡುತ್ತದೆ. ಆದರೆ ಆ ವಿದ್ಯಾರ್ಥಿ ಪರವಾನಗಿ ಕಲಿಕೆಗೆ ಮಾತ್ರ, ವರ್ಷಕ್ಕೊಮ್ಮೆ ನವೀಕರಿಸಬೇಕು. ಅದರಲ್ಲಿ ಕೂಲಿಗೆ ಪ್ರೋಗ್ರಾಮ್ ಬರೆದುಕೊಟ್ಟರೆ ಕರಾರು ಮುರಿದಂತೆ.

ಆದ್ದರಿಂದ ಗುಂಡಿ ಒತ್ತುವ ಮೊದಲು ತಂದೆ ತಾಯಿ, ಮಕ್ಕಳು ಒಟ್ಟಿಗೆ ಕೂತು ಮೂರು ಪ್ರಶ್ನೆ ಕೇಳಿಕೊಳ್ಳಲಿ. ಇದನ್ನು ಯಾವ ಕೆಲಸಕ್ಕೆಲ್ಲ ಬಳಸಬಹುದು? ಗೆಳೆಯರಿಗೆ ಕೊಡಬಹುದೇ? ನಾಳೆ ಕಂಪನಿ ಕೈಬಿಟ್ಟರೆ ಮುಂದುವರಿಸುವ ಹಕ್ಕು ಯಾರಿಗಿದೆ? ಉತ್ತರ ಆ ಪತ್ರದಲ್ಲೇ ಇರುತ್ತದೆ. ಕಾಲು ಗಂಟೆ ಕೊಟ್ಟು ಓದಿದರೆ ಸಾಕು.