ವೇಲ್‌ಗೆ ಸ್ಕೀಯಿಂಗ್ ಹೋಗೋ ಪ್ಲಾನ್ ಇದ್ಯಾ? ಮೊದಲು ಟಿಕೆಟ್ ಲೆಕ್ಕ ನೋಡಿ

ಚಳಿಗಾಲ ಹತ್ತಿರ ಬಂತು ಅಂದ್ರೆ ಅಮೆರಿಕದಲ್ಲಿರೋ ಕೇಳುಗರು ಒಂದು ಪ್ರಶ್ನೆ ಕೇಳೇ ಕೇಳ್ತಾರೆ: "ಊರಿಂದ ಅಪ್ಪ-ಅಮ್ಮ ಬಂದಿದ್ದಾರೆ, ಮಕ್ಕಳಿಗೆ ರಜೆ. ಕೊಲೊರಾಡೊದ ವೇಲ್‌ಗೆ ಹೋದ್ರೆ ಎಷ್ಟು ಖರ್ಚಾಗುತ್ತೆ?"

ನನ್ನ ಉತ್ತರ: ಅದು ನೀವು ಯಾವಾಗ ದುಡ್ಡು ಕಟ್ತೀರ ಅನ್ನೋದರ ಮೇಲಿದೆ.

ವೇಲ್‌ನಲ್ಲಿ ಸ್ಕೀಯಿಂಗ್ ಶುರುವಾಗಿದ್ದು 1962ರ ಡಿಸೆಂಬರ್‌ನಲ್ಲಿ. ಇವತ್ತು ರಶ್ ಇರೋ ದಿನ ಕೌಂಟರ್‌ನಲ್ಲಿ ಲಿಫ್ಟ್ ಟಿಕೆಟ್ ತಗೊಂಡ್ರೆ, ಒಬ್ಬರಿಗೆ ಒಂದು ದಿನಕ್ಕೆ 300 ಡಾಲರ್ ದಾಟುತ್ತೆ. ನಾಲ್ಕು ದಿನಕ್ಕೆ 1,200. ಇಡೀ ಸೀಸನ್‌ನ ಎಪಿಕ್ ಪಾಸ್ ಮುಂಚೇನೇ ಕೊಂಡ್ರೆ ಸಾವಿರ ಡಾಲರ್ ಚಿಲ್ಲರೆ!

ಯಾಕೆ ಹೀಗೆ? ನಾನು ಓದಿದ್ದು ಬಿ.ಕಾಂ., ಹಾಗಾಗಿ ನನಗೆ ಇದು ರಿಸ್ಕ್‌ನ ಲೆಕ್ಕವಾಗಿ ಕಾಣುತ್ತೆ. ಹಿಮ ಬೀಳದಿದ್ರೆ ರೆಸಾರ್ಟ್‌ಗೆ ನಷ್ಟ. ಆದರೆ ಲಿಫ್ಟ್, ಸಿಬ್ಬಂದಿ, ಯಂತ್ರಗಳ ಖರ್ಚು ನಿಲ್ಲೋದಿಲ್ಲ. 2008ರಲ್ಲಿ ವೇಲ್ ರೆಸಾರ್ಟ್ಸ್ ಕಂಪನಿ 579 ಡಾಲರ್‌ಗೆ ಎಪಿಕ್ ಪಾಸ್ ತಂತು. ಗ್ರಾಹಕರು ಹಿಮ ಬೀಳೋ ಮೊದಲೇ ದುಡ್ಡು ಕೊಟ್ಟುಬಿಡ್ತಾರೆ. ಹಿಮ ಕಡಿಮೆಯಾದ್ರೆ ಆ ರಿಸ್ಕ್‌ನಲ್ಲಿ ಅವರದ್ದೂ ಪಾಲು. ಅದಕ್ಕೆ ಪ್ರತಿಯಾಗಿ ಸಿಗೋದೇ ರಿಯಾಯಿತಿ. ಕೌಂಟರ್ ಬೆಲೆ ಅಷ್ಟು ಜಾಸ್ತಿ ಇರೋದರಿಂದಲೇ ಜನ ಪಾಸ್ ಕಡೆ ಹೋಗ್ತಾರೆ.

ಹಾಗಂತ ಎಲ್ಲರೂ ಸೀಸನ್ ಪಾಸ್ ತಗೋಬೇಕಿಲ್ಲ. ಒಂದರಿಂದ ಏಳು ದಿನದವರೆಗಿನ ಎಪಿಕ್ ಡೇ ಪಾಸ್ ಇದೆ. ಕೊಳ್ಳುವಾಗ ಎರಡು ವಿಷಯ ನೋಡ್ಕೊಳ್ಳಿ: ಅದರಲ್ಲಿ ವೇಲ್ ಸೇರಿದೆಯಾ, ನಿಮ್ಮ ದಿನಾಂಕಗಳಿಗೆ ನಿರ್ಬಂಧ ಇದೆಯಾ. ಈ ಪಾಸ್‌ಗಳ ಮಾರಾಟ ಸಾಮಾನ್ಯವಾಗಿ ಡಿಸೆಂಬರ್ ಮೊದಲ ವಾರದ ಹೊತ್ತಿಗೆ ನಿಂತುಹೋಗುತ್ತೆ. ಕ್ರಿಸ್‌ಮಸ್ ರಜೆಯ ಪ್ಲಾನ್ ಡಿಸೆಂಬರ್ 15ಕ್ಕೆ ಮಾಡೋರು ಸಿಕ್ಕಿಹಾಕಿಕೊಳ್ಳೋದು ಇಲ್ಲೇ.

ರೂಮಿಗೂ ಇದೇ ನಿಯಮ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಮತ್ತು ಫೆಬ್ರವರಿಯ ಪ್ರೆಸಿಡೆಂಟ್ಸ್ ಡೇ ವಾರಾಂತ್ಯದಲ್ಲಿ ಬಾಡಿಗೆ ಆಕಾಶಕ್ಕೆ ಏರುತ್ತೆ. ಪಕ್ಕದ ಏವನ್ ಊರಲ್ಲಿ ಉಳ್ಕೊಂಡು ಬಸ್‌ನಲ್ಲಿ ಬರಬಹುದು. ವೇಲ್ ಒಳಗಡೆ ಓಡಾಡೋ ಟೌನ್ ಬಸ್ ಉಚಿತ.

ಡೆನ್ವರ್ ವಿಮಾನ ನಿಲ್ದಾಣದಿಂದ ವೇಲ್ ಸುಮಾರು 190 ಕಿಲೋಮೀಟರ್, ಐ-70 ಹೆದ್ದಾರಿಯಲ್ಲಿ ಎರಡು ಗಂಟೆ ದಾರಿ. ಹಿಮ ಬಿದ್ರೆ ಅದರ ಎರಡರಷ್ಟೂ ಆಗಬಹುದು. ಬಾಡಿಗೆ ಕಾರಿನ ಟೈರ್ ಹಿಮಕ್ಕೆ ತಕ್ಕದ್ದಾ ಅಂತ ಕೇಳಿ. ಆ ರಸ್ತೆಯಲ್ಲಿ ಅದಕ್ಕೆ ಕಾನೂನೇ ಇದೆ. ಹಿಮದಲ್ಲಿ ಓಡಿಸಿ ಅಭ್ಯಾಸ ಇಲ್ಲದಿದ್ರೆ ಶಟಲ್ ವ್ಯಾನ್ ಒಳ್ಳೇದು.

ಕೊನೇದು, ಅಪ್ಪ-ಅಮ್ಮನ ವಿಷಯ. ನಮ್ಮ ಮುಳ್ಳಯ್ಯನಗಿರಿಯ ಎತ್ತರವೇ 1,930 ಮೀಟರ್. ವೇಲ್ ಊರು ಇರೋದೇ ಸುಮಾರು 2,500 ಮೀಟರ್‌ನಲ್ಲಿ, ಬೆಟ್ಟದ ತುದಿ 3,500ರ ಆಸುಪಾಸು. ತಲೆನೋವು, ವಾಕರಿಕೆ, ನಿದ್ದೆ ಬರದಿರೋದು ಸಾಮಾನ್ಯ. ಡೆನ್ವರ್‌ನಲ್ಲಿ ಒಂದು ರಾತ್ರಿ ತಂಗಿ, ಚೆನ್ನಾಗಿ ನೀರು ಕುಡೀರಿ. ಹೃದಯ ಅಥವಾ ಶ್ವಾಸಕೋಶದ ತೊಂದರೆ ಇರೋರು ಡಾಕ್ಟರನ್ನ ಕೇಳಿದ ಮೇಲೆ ಟಿಕೆಟ್ ಬುಕ್ ಮಾಡಿ. ಅವರ ಪ್ರವಾಸ ವಿಮೆಯನ್ನೂ ಓದಿ: ಹಳೇ ಕಾಯಿಲೆಗಳನ್ನ, ಸ್ಕೀಯಿಂಗ್ ಗಾಯಗಳನ್ನ ಹೊರಗಿಡೋ ಪಾಲಿಸಿಗಳಿವೆ.

ನಿಮ್ಮ ಮನೆಯಲ್ಲಿ ಎಷ್ಟು ಜನ, ಎಷ್ಟು ದಿನ ಅಂತ ಬರೆದು ಕಳಿಸಿ. ಮುಂದಿನ ವಾರ ಒಂದು ಪೂರ್ತಿ ಬಜೆಟ್ ಹಾಕೋಣ.