ಮೂಸ್ ಬೇಟೆಗೆ ಹೊರಡುವ ಮುನ್ನ

ಕೆನಡಾ ದೇಶದ ಪೂರ್ವದ ಅಂಚಿನಲ್ಲಿ ನ್ಯೂಫೌಂಡ್‌ಲೆಂಡ್ ಎಂಬ ದೊಡ್ಡ ದ್ವೀಪವೊಂದುಂಟು. ಪ್ರತಿವರ್ಷವೂ ಸೆಪ್ಟೆಂಬರ್ ತಿಂಗಳು ಬಂತೆಂದರೆ ಅಮೆರಿಕದಿಂದಲೂ ಕೆನಡಾದ ಇತರ ಪ್ರಾಂತ್ಯಗಳಿಂದಲೂ ಬೇಟೆಗಾರರು ಮೋಟಾರುಗಳಲ್ಲಿ ಸಾಮಾನು ಹೇರಿಕೊಂಡು ಅಲ್ಲಿಗೆ ಹೊರಡುತ್ತಾರೆ. ಅವರನ್ನು ಅಷ್ಟು ದೂರ ಸೆಳೆಯುವ ಪ್ರಾಣಿಯ ಹೆಸರು ಮೂಸ್. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ 1991ರ ಅದರ ತಿದ್ದುಪಡಿಯೂ ಬಂದ ಮೇಲೆ ಶಿಕಾರಿಯೆಂಬುದು ಅಜ್ಜಂದಿರ ಕಾಲದ ಕಥೆಯಾಗಿ ಉಳಿದಿದೆ. ಆದರೆ ನಮ್ಮವರು ಅನೇಕರು ಇಂದು ಟೊರಾಂಟೊ ಮೊದಲಾದ ಊರುಗಳಲ್ಲಿ ಮನೆಮಾಡಿಕೊಂಡಿದ್ದಾರೆ. ನಿಮ್ಮ ಮಗನೋ ಅಳಿಯನೋ, “ಕಚೇರಿಯ ಗೆಳೆಯರು ಮೂಸ್ ಬೇಟೆಗೆ ಕರೆಯುತ್ತಿದ್ದಾರೆ, ಕಾರಿನಲ್ಲೇ ಹೋಗಬಹುದಂತೆ” ಎಂದರೆ, ಅದರ ಒಳಹೊರಗು ನಿಮಗೂ ತಿಳಿದಿರುವುದು ಒಳ್ಳೆಯದಲ್ಲವೆ? ಹಣ ಕಟ್ಟುವ ಮೊದಲು ಏನೇನನ್ನು ವಿಚಾರಿಸಬೇಕೆಂಬುದನ್ನು ಇಲ್ಲಿ ನೋಡೋಣ.

ಮೊದಲು ಪ್ರಾಣಿಯ ಪರಿಚಯವಾಗಲಿ. ಜಿಂಕೆಯ ಕುಲದಲ್ಲೆಲ್ಲ ಮೂಸ್ ಅತಿ ದೊಡ್ಡದು. ನಮ್ಮ ಮಲೆನಾಡಿನ ಕಡವೆಯನ್ನು ಕಂಡವರು ಅದರ ಹತ್ತಿರ ಹತ್ತಿರ ಎರಡರಷ್ಟು ತೂಕದ ಮೃಗವೊಂದನ್ನು ಊಹಿಸಿಕೊಳ್ಳಬೇಕು. ಬಲಿತ ಗಂಡು 400ರಿಂದ 500 ಕಿಲೋಗ್ರಾಂ ತೂಗುತ್ತದೆ. ಉದ್ದುದ್ದ ಕಾಲುಗಳು, ಇಳಿಬಿದ್ದ ಮೇಲ್ದುಟಿ, ಕೊರಳ ಕೆಳಗೆ ಹಸುವಿನ ಗಂಗೆದೊಗಲಿನಂತೆ ಜೋಲಾಡುವ ಚರ್ಮ, ಬೆರಳು ಬಿಡಿಸಿದ ಅಂಗೈಯಂತೆ ಹರವಾದ ಕೊಂಬು—ಇದು ಅದರ ರೂಪು. ಕೊಂಬು ಗಂಡಿಗೆ ಮಾತ್ರ. ಅದೂ ವರ್ಷಕ್ಕೊಮ್ಮೆ ಚಳಿಗಾಲದಲ್ಲಿ ಉದುರಿ, ವಸಂತದಲ್ಲಿ ಹೊಸದಾಗಿ ಮೂಡುತ್ತದೆ.

ವಿಚಿತ್ರವೆಂದರೆ, ಈ ದ್ವೀಪದಲ್ಲಿ ಮೂಸ್ ಮೊದಲು ಇರಲೇ ಇಲ್ಲ. 1878ರಲ್ಲಿ ಒಂದು ಜೋಡಿಯನ್ನು ತಂದು ಬಿಟ್ಟರು. ಆಮೇಲೆ 1904ರಲ್ಲಿ ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದಿಂದ ಎರಡು ಗಂಡು, ಎರಡು ಹೆಣ್ಣುಗಳನ್ನು ತಂದು ಹೌಲಿ ಎಂಬ ಊರಿನ ಬಳಿ ಬಿಟ್ಟರು. ದ್ವೀಪದ ತೋಳಗಳು 1930ರ ಸುಮಾರಿಗೆ ಅಳಿದುಹೋದುವು. ಹಿಡಿದು ತಿನ್ನುವ ದೊಡ್ಡ ಮೃಗ ಕರಡಿಯ ಹೊರತು ಉಳಿಯದ್ದರಿಂದ ಮೂಸ್‌ಗಳು ಹಬ್ಬಿ ಹರಡಿ ಇಂದು ಸುಮಾರು ಒಂದು ಲಕ್ಷದಷ್ಟಾಗಿವೆ. ಬಾಲ್ಸಂ ಫರ್ ಮರದ ಎಳೆಯ ಸಸಿಗಳೆಂದರೆ ಅವಕ್ಕೆ ಪ್ರಾಣ. ಸಸಿಗಳನ್ನೆಲ್ಲ ಮೇಯ್ದುಬಿಟ್ಟರೆ ಕಾಡು ಮತ್ತೆ ಬೆಳೆಯುವುದಾದರೂ ಹೇಗೆ? ಈ ಕಾರಣದಿಂದಲೇ 2011ರಲ್ಲಿ ಗ್ರೋ ಮಾರ್ನ್ ಮತ್ತು ಟೆರಾ ನೋವಾ ರಾಷ್ಟ್ರೀಯ ಉದ್ಯಾನಗಳಲ್ಲಿಯೂ ಮಿತವಾದ ಬೇಟೆಗೆ ಸರ್ಕಾರ ಅವಕಾಶ ಕೊಡಬೇಕಾಯಿತು. ದ್ವೀಪವನ್ನೆಲ್ಲ ವಲಯಗಳಾಗಿ ವಿಂಗಡಿಸಿ, ಯಾವ ವಲಯದಲ್ಲಿ ಎಷ್ಟು ಪರವಾನಗಿ ಎಂಬುದನ್ನು ಅರಣ್ಯದವರು ಗೊತ್ತುಮಾಡುತ್ತಾರೆ. ಅಲ್ಲಿನ ಮನೆಗಳಿಗೆ ಮೂಸ್ ಮಾಂಸ ಚಳಿಗಾಲದ ಆಹಾರ. ಶೀಶೆಗಳಲ್ಲಿ ತುಂಬಿಟ್ಟುಕೊಳ್ಳುವ ವಾಡಿಕೆಯೂ ಉಂಟು. ಹೀಗಾಗಿ ಕೊಂದ ಪ್ರಾಣಿಯ ಮಾಂಸವನ್ನು ಕೆಡಿಸುವುದು ಅಲ್ಲಿಯ ಜನರ ಕಣ್ಣಿಗೆ ದೊಡ್ಡ ತಪ್ಪು.

ಹೊರಗಿನಿಂದ ಬಂದವನು ತಾನೇ ಕೋವಿ ಹಿಡಿದು ಅಲ್ಲಿಯ ಕಾಡಿಗೆ ನುಗ್ಗುವಂತಿಲ್ಲ. ಆ ಪ್ರಾಂತ್ಯದ ನಿವಾಸಿಯಲ್ಲದವನು ಮೂಸ್ ಬೇಟೆಯಾಡಬೇಕಾದರೆ ಲೈಸೆನ್ಸುಳ್ಳ ಮಾರ್ಗದರ್ಶಿ ಜೊತೆಗಿರಲೇಬೇಕು. ಟೊರಾಂಟೊದಲ್ಲಿರುವ ನಿಮ್ಮ ಅಳಿಯನಿಗೂ ಈ ನಿಯಮ ತಪ್ಪಿದ್ದಲ್ಲ. ಮಾರ್ಗದರ್ಶಿ, ಊಟ, ವಸತಿ, ಬೇಟೆಯ ಪರವಾನಗಿ ಇವೆಲ್ಲವೂ ‘ಔಟ್‌ಫಿಟರ್’ ಎಂದು ಕರೆಯಲ್ಪಡುವ ಬಿಡಾರದ ಯಜಮಾನನ ಮೂಲಕವೇ ದೊರೆಯಬೇಕು. ಆದುದರಿಂದ ಒಳ್ಳೆಯ ಬಿಡಾರವನ್ನು ಆರಿಸಿದರೆ ಅರ್ಧ ಕೆಲಸ ಮುಗಿದಂತೆ. ಅಲ್ಲಿ ಎಡವಿದರೆ ಮಿಕ್ಕ ಯಾವ ಜಾಣತನವೂ ನೆರವಿಗೆ ಬಾರದು.

ಬಿಡಾರಗಳಲ್ಲಿ ಎರಡು ಬಗೆ. ಒಂದಕ್ಕೆ ರಸ್ತೆಯಿಲ್ಲ, ಕೆರೆಯ ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನದಲ್ಲಿಯೋ ಹೆಲಿಕಾಪ್ಟರಿನಲ್ಲಿಯೋ ಹೋಗಬೇಕು. ಇನ್ನೊಂದಕ್ಕೆ ರಸ್ತೆಯುಂಟು. ದ್ವೀಪಕ್ಕೆ ರಸ್ತೆ ಹೇಗೆ ಎಂದು ನೀವು ಕೇಳಬಹುದು. ನೋವಾ ಸ್ಕೋಷಿಯಾ ಪ್ರಾಂತ್ಯದ ನಾರ್ತ್ ಸಿಡ್ನಿ ಬಂದರಿನಲ್ಲಿ ಮೋಟಾರನ್ನೇ ಹಡಗಿಗೆ ಏರಿಸುತ್ತಾರೆ. ಸುಮಾರು ಏಳು ಗಂಟೆಗಳ ಪ್ರಯಾಣದ ಬಳಿಕ ಪೋರ್ಟ್ ಓ ಬಾಸ್ಕ್ ಎಂಬಲ್ಲಿ ಇಳಿಸುತ್ತಾರೆ. ಅಲ್ಲಿಂದ ಹೆದ್ದಾರಿಯೊಂದು ದ್ವೀಪವನ್ನು ಅಡ್ಡಹಾಯ್ದು ಸುಮಾರು 900 ಕಿಲೋಮೀಟರ್ ದೂರದ ಸೇಂಟ್ ಜಾನ್ಸ್ ನಗರದವರೆಗೆ ಹೋಗುತ್ತದೆ. ಆ ಹೆದ್ದಾರಿಯಿಂದ ಕವಲೊಡೆದ ದಾರಿಗಳ ಕೊನೆಯಲ್ಲಿ ರಸ್ತೆಯ ಬಿಡಾರಗಳಿವೆ.

ರಸ್ತೆಯಿಂದ ಆಗುವ ಅನುಕೂಲ ಸ್ಪಷ್ಟವಾಗಿದೆ. ವಿಮಾನದ ಬಾಡಿಗೆ ಉಳಿಯುತ್ತದೆ. ಇಷ್ಟೇ ಕಿಲೋ ಸಾಮಾನು ಎಂಬ ಕಟ್ಟುಪಾಡಿಲ್ಲ. ಮಂಜು ಮುಸುಕಿತೆಂದು ಎರಡು ದಿನ ಕೆರೆಯ ದಡದಲ್ಲಿ ಕಾದು ಕೂರಬೇಕಾಗಿಲ್ಲ. ಒಬ್ಬರಿಗೆ ಕಾಲು ಉಳುಕಿದರೆ ಆಸ್ಪತ್ರೆಗೆ ಸಾಗಿಸಬಹುದು. ಎಲ್ಲಕ್ಕಿಂತ ಮಿಗಿಲಾಗಿ, ಮಾಂಸವನ್ನು ಬೇಗ ತಂಪಾದ ಕೋಣೆಗೆ ಮುಟ್ಟಿಸಬಹುದು.

ಹಾಗಾದರೆ ಕಣ್ಣುಮುಚ್ಚಿ ರಸ್ತೆಯ ಬಿಡಾರವನ್ನೇ ಆರಿಸಿಕೊಳ್ಳಬಹುದೆ? ಸ್ವಲ್ಪ ತಾಳಿರಿ. “ರಸ್ತೆಯುಂಟು” ಎಂಬ ಮಾತಿಗೆ ಹಲವು ಅರ್ಥಗಳಿವೆ. ಡಾಂಬರು ಹಾಕಿದ ದಾರಿಯೂ ರಸ್ತೆಯೇ. ಮರದ ಲಾರಿಗಳಿಗಾಗಿ ಜಲ್ಲಿ ಸುರಿದು ಮಾಡಿದ, ಮಳೆ ಬಂದರೆ ಕೊಚ್ಚಿಹೋಗುವ ದಾರಿಯೂ ರಸ್ತೆಯೇ. ಆದುದರಿಂದ ಮೊದಲನೆಯ ಪ್ರಶ್ನೆ: ನಮ್ಮ ಮೋಟಾರು ನಿಲ್ಲುವುದು ಎಲ್ಲಿ? ಬಿಡಾರದ ಬಾಗಿಲಲ್ಲೋ, ಅದಕ್ಕೆ ಹತ್ತಾರು ಕಿಲೋಮೀಟರ್ ಈಚೆಗೋ? ಸಾಧಾರಣ ಕಾರು ಸಾಕೋ, ನಾಲ್ಕೂ ಚಕ್ರ ಎಳೆಯುವ ಬಂಡಿ ಬೇಕೋ? ಕೊನೆಯ ಹಾದಿಯನ್ನು ಯಾರು, ಯಾವ ವಾಹನದಲ್ಲಿ ದಾಟಿಸುತ್ತಾರೆ?

ಎರಡನೆಯ ಪ್ರಶ್ನೆ ಇನ್ನೂ ಮುಖ್ಯವಾದುದು. ರಸ್ತೆ ಬಿಡಾರವನ್ನು ಮುಟ್ಟುತ್ತದೆ, ನಿಜ. ಮೂಸ್ ನಿಂತಿರುವ ಜಾಗವನ್ನು ಮುಟ್ಟುವುದಿಲ್ಲವಲ್ಲ! ಆ ದ್ವೀಪದ ನೆಲ ಬಹುಭಾಗ ಜೌಗು. ಕಾಲಿಟ್ಟರೆ ಮೊಳಕಾಲವರೆಗೆ ಹೂತುಕೊಳ್ಳುವ ಹಾವಸೆಯ ಹಾಸು ಒಂದು ಕಡೆ. ಗಾಳಿಯ ಹೊಡೆತಕ್ಕೆ ಕುಳ್ಳಾಗಿ, ಒಂದಕ್ಕೊಂದು ಹೆಣೆದುಕೊಂಡ ಮರಗಳ ಪೊದೆ ಇನ್ನೊಂದು ಕಡೆ. ಇದನ್ನು ಅಲ್ಲಿಯವರು ಟಕಮೋರ್ ಎನ್ನುತ್ತಾರೆ. ಇಂಥ ಜಾಗದಲ್ಲಿ ರಸ್ತೆಯಿಂದ ಎರಡು ಕಿಲೋಮೀಟರ್ ಒಳಗೆ ಮೃಗ ಬಿದ್ದಿತೆನ್ನಿ. ಗುಂಡು ಹಾರಿಸುವ ಕೆಲಸ ಒಂದು ಕ್ಷಣದ್ದು. ಅದಾದ ಮೇಲಿನದು ಇಡೀ ದಿನದ ದುಡಿಮೆ. ದೊಡ್ಡ ಗಂಡೊಂದರಿಂದ ಬರುವ ಮಾಂಸವೇ 150ರಿಂದ 200 ಕಿಲೋಗ್ರಾಂ ಆದೀತು. ಮೂಳೆಸಹಿತವಾದ ಹಿಂದೊಡೆ ಒಂದೇ ಗಟ್ಟಿಮುಟ್ಟಾದ ಆಳಿಗೆ ತಕ್ಕ ಹೊರೆ. ನಮ್ಮ ಮೂಟೆ ಹೊರುವವರನ್ನು ನೋಡಿದವರಿಗೆ ಇದರ ಅಂದಾಜು ಸಿಕ್ಕೀತು. ಆದರೆ ಅವರ ಕಾಲ ಕೆಳಗೆ ಕಲ್ಲುಚಪ್ಪಡಿಯಿರುತ್ತದೆ, ಇಲ್ಲಿ ಕೆಸರು.

ಅವಸರವೇಕೆಂದರೆ, ಇಷ್ಟು ದೊಡ್ಡ ದೇಹದ ಬಿಸಿ ತಾನಾಗಿ ಬೇಗ ಆರುವುದಿಲ್ಲ. ದಪ್ಪ ತೊಗಲು ಕಂಬಳಿಯಂತೆ ಅದನ್ನು ಒಳಗೇ ಹಿಡಿದಿಡುತ್ತದೆ. ಸೆಪ್ಟೆಂಬರಿನಲ್ಲಿ ಅಲ್ಲಿಯೂ ಹಗಲು ಬೆಚ್ಚಗಿರುವುದುಂಟು. ಕೂಡಲೇ ಕರುಳು ತೆಗೆದು, ತೊಗಲು ಸುಲಿದು, ಭಾಗಮಾಡಿ, ನೊಣ ಮುತ್ತದಂತೆ ತೆಳು ಬಟ್ಟೆಯ ಚೀಲಗಳಲ್ಲಿಟ್ಟು ಗಾಳಿಯಾಡುವ ನೆರಳಲ್ಲಿ ತೂಗುಹಾಕದಿದ್ದರೆ ಮೂಳೆಯ ಬಳಿಯಿಂದಲೇ ಮಾಂಸ ಕೆಡಲು ತೊಡಗುತ್ತದೆ. ಆದುದರಿಂದ ಯಜಮಾನನನ್ನು ನೇರವಾಗಿ ಕೇಳಿ: ಮೃಗ ಬಿದ್ದ ಮೇಲೆ ಅದನ್ನು ದಾರಿಗೆ ತರುವವರು ಯಾರು? ಎಷ್ಟು ಆಳುಗಳಿದ್ದಾರೆ? ಜೌಗಿನಲ್ಲಿ ಓಡುವ ಬಂಡಿಯುಂಟೆ? ಜೌಗುನೆಲದಲ್ಲಿ ಬಂಡಿ ಓಡಿಸಲು ಕಾನೂನಿನ ಕಟ್ಟುಪಾಡುಗಳಿವೆ. ಅವನ್ನು ಹೇಗೆ ಪಾಲಿಸುತ್ತೀರಿ? ಬಿಡಾರದಲ್ಲಿ ತಂಪುಕೋಣೆ ಇದೆಯೆ? ಇಲ್ಲದಿದ್ದರೆ ಹತ್ತಿರದ ಕಸಾಯಿಖಾನೆ ಎಷ್ಟು ದೂರ? ಇವಕ್ಕೆ ತಡವರಿಸದೆ ಉತ್ತರ ಬಂದರೆ ಆ ಬಿಡಾರದ ಮೇಲೆ ಅರ್ಧ ನಂಬಿಕೆಯಿಡಬಹುದು. “ಅದೆಲ್ಲ ಆಮೇಲೆ ನೋಡಿಕೊಳ್ಳೋಣ” ಎಂದರೆ ಬೇರೆ ಬಿಡಾರ ಹುಡುಕುವುದು ಮೇಲು.

ಮೂರನೆಯದಾಗಿ, ರಸ್ತೆ ನಿಮಗೊಬ್ಬರಿಗೇ ಹಾಕಿದ್ದಲ್ಲ. ನೀವು ಹೋಗಬಲ್ಲ ದಾರಿಯಲ್ಲಿ ಊರಿನವರೂ ಹೋಗಬಲ್ಲರು. ತಮ್ಮ ಮನೆಯ ಚಳಿಗಾಲದ ಮಾಂಸಕ್ಕಾಗಿ ಅವರು ಬರುವುದು ನ್ಯಾಯವೂ ಹೌದು. ಸದ್ದುಗದ್ದಲ ಹೆಚ್ಚಾದ ದಾರಿಯಂಚಿನಿಂದ ಬುದ್ಧಿವಂತ ಗಂಡುಗಳು ಒಳಕ್ಕೆ ಸರಿಯುತ್ತವೆ. ಹೀಗಿರುವಲ್ಲಿ ಬಿಡಾರದವರು ದಿನವೆಲ್ಲ ಮೋಟಾರಿನಲ್ಲಿ ಕೂರಿಸಿ ರಸ್ತೆಯುದ್ದಕ್ಕೂ ಸುತ್ತಾಡಿಸುತ್ತಾರೋ, ಇಳಿದು ನಡೆಸಿ ಒಳಗೆ ಕರೆದೊಯ್ಯುತ್ತಾರೋ ಎಂಬುದನ್ನು ಕೇಳಬೇಕು. ಸೆಪ್ಟೆಂಬರಿನ ಕೊನೆ ಮತ್ತು ಅಕ್ಟೋಬರಿನ ಮೊದಲ ವಾರಗಳು ಬೆದೆಯ ಕಾಲ. ಆಗ ಭೂರ್ಜದ ತೊಗಟೆಯನ್ನು ಕಹಳೆಯಂತೆ ಸುತ್ತಿ, ಹೆಣ್ಣಿನ ಕೂಗನ್ನು ಅನುಕರಿಸಿ ಗಂಡನ್ನು ಹತ್ತಿರಕ್ಕೆ ಕರೆಯುವ ವಿದ್ಯೆ ಬಲ್ಲವರು ಅಲ್ಲಿದ್ದಾರೆ. ಕರೆದು ಕಾಯುವುದಕ್ಕೆ ಮೌನ ಬೇಕು; ಮೌನ ಬೇಕಾದರೆ ದಾರಿ ಬಿಟ್ಟು ನಡೆಯಬೇಕು. ನಿಮ್ಮ ಕಾಲಿನ ಶಕ್ತಿಯೆಷ್ಟು, ಎದೆಯ ಬಲವೆಷ್ಟು ಎಂಬುದನ್ನು ಮುಚ್ಚಿಡದೆ ಮೊದಲೇ ಯಜಮಾನನಿಗೆ ತಿಳಿಸುವುದು ಇಬ್ಬರಿಗೂ ಹಿತ.

ಮಾರ್ಗದರ್ಶಿಯ ವಿಷಯದಲ್ಲಿಯೂ ಎರಡು ಮಾತು. ಒಬ್ಬ ಬೇಟೆಗಾರನಿಗೆ ಒಬ್ಬ ಮಾರ್ಗದರ್ಶಿಯೋ, ಇಬ್ಬರಿಗೆ ಸೇರಿ ಒಬ್ಬನೋ? ಇಬ್ಬರಿಗೆ ಒಬ್ಬನಾದರೆ ಖರ್ಚು ತಗ್ಗುತ್ತದೆ. ಆದರೆ ಮೊದಲ ಗುಂಡು ಯಾರದೆಂಬುದನ್ನು ಗೆಳೆಯರು ಮನೆಯಲ್ಲೇ ತೀರ್ಮಾನಿಸಿಕೊಂಡು ಹೊರಡುವುದು ಲೇಸು. ಕಾಡಿನಲ್ಲಿ ಆ ಚರ್ಚೆಗೆ ಸಮಯವಿರುವುದಿಲ್ಲ. ಒಂದು ವಾರದ ಬೇಟೆ ಎಂದರೆ ಬೇಟೆಗೆ ನಿಜವಾಗಿ ಸಿಗುವ ದಿನಗಳೆಷ್ಟು? ಬರುವ ದಿನ, ಹೋಗುವ ದಿನ ಲೆಕ್ಕದಲ್ಲಿ ಸೇರಿವೆಯೆ? ಪರವಾನಗಿ ಗಂಡಿಗೆ ಮಾತ್ರವೋ, ಹೆಣ್ಣಿಗೂ ಸಲ್ಲುವುದೋ? ಕೊಂಬಿಗಿಂತ ಮಾಂಸ ಮುಖ್ಯವೆನ್ನುವವರಿಗೆ ಇದು ದೊಡ್ಡ ವ್ಯತ್ಯಾಸ.

ಜಾಹೀರಾತುಗಳಲ್ಲಿ “ನೂರಕ್ಕೆ ಇಷ್ಟು ಮಂದಿಗೆ ಯಶಸ್ಸು” ಎಂದು ದೊಡ್ಡ ಅಂಕಿ ಹಾಕಿರುತ್ತಾರೆ. ಅಂಕಿ ಸುಳ್ಳೆಂದು ಹೇಳಬೇಕಾಗಿಲ್ಲ. ಅದು ಯಾವುದರ ಅಂಕಿ ಎಂದು ಕೇಳಿದರೆ ಸಾಕು. ಮೃಗವನ್ನು ಹೊಡೆದು ತಂದವರ ಲೆಕ್ಕವೋ, ಹೊಡೆಯಲು ಅವಕಾಶ ಸಿಕ್ಕವರ ಲೆಕ್ಕವೋ? ಕಳೆದ ವರ್ಷದ್ದೋ, ಐದು ವರ್ಷಗಳ ಸರಾಸರಿಯೋ? ಹೋಗಿಬಂದವರ ಹೆಸರುಗಳನ್ನು ಕೇಳುವಾಗ, ಬರಿಗೈಯಲ್ಲಿ ಹಿಂದಿರುಗಿದ ಒಬ್ಬರ ಹೆಸರನ್ನೂ ಕೇಳಿ ಪಡೆಯಿರಿ. ಬಿಡಾರದ ಊಟ, ನಡವಳಿಕೆ, ಪ್ರಾಮಾಣಿಕತೆ ಇವುಗಳ ವಿಷಯ ಅವರಿಂದ ತಿಳಿದಷ್ಟು ಇನ್ನಾರಿಂದಲೂ ತಿಳಿಯದು.

ಇನ್ನು ಹಣದ ಮಾತು. ಹೇಳಿದ ಬೆಲೆಯಲ್ಲಿ ಪರವಾನಗಿ, ತೆರಿಗೆ, ಮಾಂಸ ಕಡಿದು ಕಟ್ಟಿಕೊಡುವ ಕೂಲಿ, ಹೆಪ್ಪುಗಟ್ಟಿಸುವ ವೆಚ್ಚ ಇವು ಸೇರಿವೆಯೆ? ಮುಂಗಡ ಎಷ್ಟು, ಕಾಯಿಲೆಯಿಂದ ಬರಲಾಗದಿದ್ದರೆ ಅದರ ಗತಿಯೇನು? ಎಲ್ಲವೂ ಬರವಣಿಗೆಯಲ್ಲಿರಲಿ. ಕೆನಡಾದ ನಿವಾಸಿಗೆ ಕೋವಿಯ ಲೈಸೆನ್ಸು ಇರಬೇಕು. ಅಮೆರಿಕದಿಂದ ಕೋವಿ ತರುವವರು ಗಡಿಯಲ್ಲಿ ಘೋಷಣಾಪತ್ರ ಬರೆದು ಶುಲ್ಕ ಕಟ್ಟಬೇಕು; ಅದು 60 ದಿನ ನಡೆಯುತ್ತದೆ. ಹಡಗಿನಲ್ಲಿ ಮೋಟಾರಿಗೆ ಸ್ಥಳವನ್ನು ಮೊದಲೇ ಕಾದಿರಿಸಬೇಕು. ಬಿರುಗಾಳಿಯಿಂದ ಹಡಗು ತಡವಾಗುವುದುಂಟಾದ್ದರಿಂದ ಒಂದು ದಿನವನ್ನು ಕೈಯಲ್ಲಿಟ್ಟುಕೊಳ್ಳುವುದು ಒಳಿತು. ಅಮೆರಿಕದ ಎಷ್ಟೋ ರಾಜ್ಯಗಳು ರೋಗಭಯದಿಂದ ಜಿಂಕೆ ಕುಲದ ಪ್ರಾಣಿಗಳ ಇಡೀ ದೇಹವನ್ನು ಒಳಗೆ ಬಿಡುವುದಿಲ್ಲ. ಆದುದರಿಂದ ಮೂಳೆ ಬಿಡಿಸಿದ ಮಾಂಸವನ್ನೇ ಒಯ್ಯುವುದು ಕ್ಷೇಮ.

ರಸ್ತೆಯಲ್ಲಿ ಹೋಗುವವರಿಗೆ ಒಂದು ಎಚ್ಚರಿಕೆ. ಆ ದ್ವೀಪದಲ್ಲಿ ವರ್ಷಕ್ಕೆ ನೂರಾರು ಮೋಟಾರುಗಳು ಮೂಸ್‌ಗೆ ಡಿಕ್ಕಿ ಹೊಡೆಯುತ್ತವೆ, ಪ್ರಾಣಹಾನಿಯೂ ಆಗಿದೆ. ಕಾಲು ಉದ್ದವಾದ್ದರಿಂದ ಕಾರಿನ ಮೂತಿ ಕಾಲಿಗೆ ತಗಲಿ, ಭಾರವಾದ ದೇಹ ಮುಂದಿನ ಗಾಜಿನ ಮೇಲೆಯೇ ಬೀಳುತ್ತದೆ. ಕಪ್ಪು ಮೈಯ ಪ್ರಾಣಿ ಇರುಳಿನಲ್ಲಿ ಕಾಣುವುದಿಲ್ಲ. ಸಂಜೆ ಹಡಗಿನಿಂದ ಇಳಿದವರು ರಾತ್ರಿ ಬಂದರಿನ ಊರಿನಲ್ಲೇ ಮಲಗಿ, ಬೆಳಕು ಹರಿದ ಮೇಲೆ ಹೊರಡಬೇಕು.

ಕಟ್ಟಕಡೆಗೆ ಒಂದು ಪ್ರಶ್ನೆ ಉಳಿಯುತ್ತದೆ. ಬೆಲೆಪಟ್ಟಿಯಲ್ಲಿ ಅದಕ್ಕೆ ಉತ್ತರ ಸಿಗದು. “ನಿಮ್ಮ ಮಾರ್ಗದರ್ಶಿ ಎಂತಹ ಸಂದರ್ಭದಲ್ಲಿ ಹೊಡೆಯಬೇಡಿ ಎನ್ನುತ್ತಾನೆ?” ಎಂದು ಕೇಳಿ ನೋಡಿ. ಕತ್ತಲಾಗುತ್ತಿದೆ, ಮೃಗ ಕೆರೆಯ ನೀರಿನಲ್ಲಿ ನಿಂತಿದೆ, ಅಥವಾ ಹೊತ್ತು ತರಲಾಗದಷ್ಟು ಒಳಗಿದೆ. ಇಂತಹಲ್ಲಿ ಹಣ ಕೊಟ್ಟ ಗಿರಾಕಿಯ ಕೋವಿಯನ್ನು ಕೆಳಗಿಳಿಸುವ ಧೈರ್ಯ ಅವನಿಗಿರಬೇಕು. ಹಾಗೆ ಹೇಳಬಲ್ಲವನು ತನ್ನ ಕಾಡನ್ನೂ ಪ್ರಾಣಿಯನ್ನೂ ನಿಮ್ಮನ್ನೂ ಬಲ್ಲವನು. ಅಂಥವನಿರುವ ಬಿಡಾರಕ್ಕೆ ದಾರಿ ಸ್ವಲ್ಪ ಒರಟಾಗಿದ್ದರೂ ಚಿಂತೆಯಿಲ್ಲ, ಹೋಗಿಬರಬಹುದು.